ಮಕ್ಕಳ ಶಾಲೆ, ಪೋಷಕರ ಫ್ರೆಂಚ್

ಫ್ರಾನ್ಸಿಗೆ ಹೋಗಿ ನೆಲೆಸುವ ಕುಟುಂಬವೊಂದರಲ್ಲಿ ಫ್ರೆಂಚ್ ಭಾಷೆ ಎಲ್ಲರಿಗೂ ಒಂದೇ ದಾರಿಯಲ್ಲಿ ಬರುವುದಿಲ್ಲ. ಉದ್ಯೋಗಕ್ಕೆಂದು ಹೋದವರಿಗೆ ಅನೇಕ ಕಚೇರಿಗಳಲ್ಲಿ ಇಂಗ್ಲಿಷೇ ಸಾಕಾಗುತ್ತದೆ. ಮಕ್ಕಳು ಶಾಲೆಯಲ್ಲಿ ದಿನವಿಡೀ ಫ್ರೆಂಚನ್ನು ಕೇಳುತ್ತ, ಆಡುತ್ತ, ಕೆಲವೇ ತಿಂಗಳಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತಾರೆ. ಆದರೆ ಮಗುವನ್ನು ಬೆಳಿಗ್ಗೆ ಶಾಲೆಗೆ ಬಿಟ್ಟು ಸಂಜೆ ಮನೆಗೆ ಕರೆತರುವ ತಾಯಿಗೋ ತಂದೆಗೋ ಆ ಭಾಷೆಯನ್ನು ಕಲಿಸುವವರು ತಾವಾಗಿ ಸಿಗುವುದಿಲ್ಲ, ಆದರೂ ಅದನ್ನು ಬಳಸಬೇಕಾದ ಸಂದರ್ಭ ಮೊದಲ ದಿನವೇ ಎದುರಾಗುತ್ತದೆ. ಶಾಲೆಯ ಗೇಟಿನ ಬಳಿ ಕಾಯುತ್ತ ನಿಂತ ಇತರ ಪೋಷಕರೊಂದಿಗೆ ಆಡುವ ಐದು ನಿಮಿಷಗಳ ಮಾತು ಪರೀಕ್ಷೆಯ ಪಠ್ಯದಲ್ಲಿ ಇರುವಂಥದ್ದಲ್ಲ. ಅದರ ವಿಷಯಗಳು ಸೀಮಿತ, ವಾಕ್ಯಗಳು ಚಿಕ್ಕವು, ಸಂದರ್ಭಗಳು ಮತ್ತೆ ಮತ್ತೆ ಮರಳುವಂಥವು. ಹಾಗಾಗಿಯೇ ಅದು ವಯಸ್ಕರಿಗೆ ಕೈಗೆಟುಕುವ ಭಾಷೆಯೂ ಹೌದು, ಒಂದು ಊರಿನ ಬದುಕಿನೊಳಕ್ಕೆ ಕರೆದೊಯ್ಯುವ ಅತ್ಯಂತ ಹತ್ತಿರದ ದಾರಿಯೂ ಹೌದು.

ಈ ವಿಷಯ ಕನ್ನಡಿಗರಿಗೆ ದೂರದ್ದೇನಲ್ಲ. ದಕ್ಷಿಣ ಫ್ರಾನ್ಸಿನ ತುಲೂಸ್ ನಗರವು ಏರ್‌ಬಸ್ ವಿಮಾನ ಸಂಸ್ಥೆಯ ಕೇಂದ್ರಸ್ಥಾನವಾಗಿದ್ದು, ಅದೇ ಸಂಸ್ಥೆಯ ಎಂಜಿನಿಯರಿಂಗ್ ಕೇಂದ್ರವೊಂದು ಬೆಂಗಳೂರಿನಲ್ಲಿರುವುದರಿಂದ, ಈ ಎರಡು ನಗರಗಳ ನಡುವೆ ಎಂಜಿನಿಯರುಗಳು ಓಡಾಡುವುದು ಈಗ ಸಾಮಾನ್ಯ ಸಂಗತಿ. ಅವರೊಡನೆ ಹೋಗುವ ಪತ್ನಿ ಅಥವಾ ಪತಿ, ಎಷ್ಟೋ ಸಲ ತಾವೂ ಉನ್ನತ ಶಿಕ್ಷಣ ಪಡೆದವರಾಗಿದ್ದರೂ, ಹೊಸ ಊರಿನಲ್ಲಿ ಮಾತಿಗೆ ತಡವರಿಸುವ ಸ್ಥಿತಿಗೆ ಬರುತ್ತಾರೆ. ಹೊಸದಾಗಿ ನೆಲೆಸುವ ವಿದೇಶೀಯರೊಂದಿಗೆ ಫ್ರೆಂಚ್ ಸರ್ಕಾರವು 2016ರಿಂದ ‘ಗಣರಾಜ್ಯ ಏಕೀಕರಣ ಒಪ್ಪಂದ’ ಎಂಬ ಕರಾರನ್ನು ಮಾಡಿಕೊಂಡು, ಅದರಡಿಯಲ್ಲಿ ಅಗತ್ಯವಿದ್ದವರಿಗೆ ನೂರಾರು ಗಂಟೆಗಳ ಭಾಷಾ ತರಬೇತಿಯನ್ನು ವಿಧಿಸುತ್ತ ಬಂದಿದೆ. ಆದರೆ ಪರಿಣತ ಉದ್ಯೋಗಿಗಳಿಗೆಂದು ಮೀಸಲಾದ ‘ಟ್ಯಾಲೆಂಟ್’ ವರ್ಗದ ವಾಸಪರವಾನಗಿ ಪಡೆದವರಿಗೂ ಅವರ ಕುಟುಂಬದವರಿಗೂ ಈ ಒಪ್ಪಂದದಿಂದ ವಿನಾಯಿತಿ ಇದೆ. ಸೌಲಭ್ಯವಾಗಿ ಕಾಣುವ ಈ ವಿನಾಯಿತಿಯ ಪರಿಣಾಮವೆಂದರೆ, ಇಂಥ ಕುಟುಂಬಗಳ ವಯಸ್ಕರು ಭಾಷೆಯ ಹಾದಿಯನ್ನು ತಾವೇ ಹುಡುಕಿಕೊಳ್ಳಬೇಕಾಗುತ್ತದೆ.

ಶಾಲೆಯ ಗೇಟು ಏಕೆ ಮುಖ್ಯ

ಫ್ರಾನ್ಸಿನಲ್ಲಿ ಸಾರ್ವಜನಿಕ ಪ್ರಾಥಮಿಕ ಶಿಕ್ಷಣವನ್ನು 1881ರಲ್ಲಿ ಉಚಿತವಾಗಿಯೂ 1882ರಲ್ಲಿ ಕಡ್ಡಾಯ ಮತ್ತು ಧರ್ಮನಿರಪೇಕ್ಷವಾಗಿಯೂ ಮಾಡಿದ ಜ್ಯೂಲ್ ಫೆರಿಯ ಕಾಯಿದೆಗಳು, ಶಾಲೆಯನ್ನು ಗಣರಾಜ್ಯವೇ ನಡೆಸುವ, ಊರಿನ ಹಾಗೂ ಮನೆಯ ಪ್ರಭಾವಗಳಿಂದ ಬೇರೆಯಾದ ಒಂದು ಸ್ಥಳವೆಂದು ಕಲ್ಪಿಸಿದವು. ಆ ಕಲ್ಪನೆಯ ಮುಂದುವರಿಕೆಯಾಗಿ ಪೋಷಕರು ಬಹುಕಾಲ ಶಾಲೆಯ ಆವರಣದ ಹೊರಗೇ ಉಳಿದರು. 1989ರ ಶಿಕ್ಷಣ ಕಾಯಿದೆ ಅವರನ್ನು ‘ಶೈಕ್ಷಣಿಕ ಸಮುದಾಯ’ದ ಸದಸ್ಯರೆಂದು ಸ್ಪಷ್ಟವಾಗಿ ಗುರುತಿಸಿದ ಮೇಲೂ, ದಿನನಿತ್ಯದ ರೂಢಿಯಲ್ಲಿ ಪೋಷಕರು ಮಕ್ಕಳಿಗಾಗಿ ಕಾಯುವುದು ಗೇಟಿನ ಹೊರಗಿನ ಕಾಲುದಾರಿಯಲ್ಲಿಯೇ. 2019ರಿಂದ ಮೂರನೆಯ ವಯಸ್ಸಿಗೇ ಶಿಕ್ಷಣ ಕಡ್ಡಾಯವಾಗಿರುವುದರಿಂದ, ‘ಎಕೋಲ್ ಮಾತೆರ್ನೆಲ್’ ಎಂಬ ಶಿಶುಶಾಲೆಯ ಮೂರು ವರ್ಷಗಳು ಮತ್ತು ಅದರ ನಂತರದ ಪ್ರಾಥಮಿಕ ಶಾಲೆಯ ಐದು ವರ್ಷಗಳು ಸೇರಿ, ಪೋಷಕರು ಸುಮಾರು ಎಂಟು ವರ್ಷಗಳ ಕಾಲ ಬಹುಮಟ್ಟಿಗೆ ಅದೇ ಜನರನ್ನು ಅದೇ ಜಾಗದಲ್ಲಿ ಭೇಟಿಯಾಗುತ್ತಾರೆ. ವಲಸಿಗರಿಗೆ ಇಷ್ಟು ನಿಯತವಾಗಿ, ಇಷ್ಟು ದೀರ್ಘಕಾಲ ಸ್ಥಳೀಯರ ಒಡನಾಟ ಒದಗಿಸುವ ಇನ್ನೊಂದು ತಾಣ ನಗರಗಳಲ್ಲಿ ಸಿಗುವುದು ಕಷ್ಟ.

ಈ ಒಡನಾಟಕ್ಕೆ ಪ್ರಾಯೋಗಿಕ ಮಹತ್ವವೂ ಇದೆ. ಶಿಕ್ಷಕರ ಮುಷ್ಕರದ ದಿನ ಯಾವ ತರಗತಿ ನಡೆಯುತ್ತದೆ, ಈಜುಕೊಳಕ್ಕೆ ಹೋಗುವ ದಿನ ಮಗುವಿಗೆ ಏನನ್ನು ಕಳುಹಿಸಬೇಕು, ತರಗತಿಯಲ್ಲಿ ಹೇನಿನ ಕಾಟ ಶುರುವಾಗಿದೆಯೇ, ಯಾವ ಮಕ್ಕಳ ವೈದ್ಯರು ಹೊಸಬರನ್ನು ತೆಗೆದುಕೊಳ್ಳುತ್ತಾರೆ ಎಂಬಂಥ ಮಾಹಿತಿ ಶಾಲೆಯ ಲಿಖಿತ ಸೂಚನೆಗಿಂತ ಮೊದಲು ಪೋಷಕರ ಬಾಯಿಂದ ಬಾಯಿಗೆ, ಈಚೆಗೆ ಅವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ, ಹರಡುತ್ತದೆ. ಮಗುವಿಗೆ ಹುಟ್ಟುಹಬ್ಬದ ಆಮಂತ್ರಣ ಬರುವುದು, ತುರ್ತಿನ ಸಂಜೆ ಮಗುವನ್ನು ನೆರೆಯವರು ತಮ್ಮ ಮನೆಗೆ ಕರೆದೊಯ್ಯುವುದು, ಶಾಲೆಯ ನಂತರ ಮಕ್ಕಳು ಉದ್ಯಾನದಲ್ಲಿ ಒಟ್ಟಿಗೆ ಆಡುವುದು, ಇವೆಲ್ಲವೂ ಪೋಷಕರ ನಡುವಿನ ಪರಿಚಯವನ್ನು ಅವಲಂಬಿಸಿವೆ. ಮಾತು ಬಾರದ ಪೋಷಕರ ಮಗುವಿಗೆ ಶಾಲೆಯೊಳಗೆ ಸ್ನೇಹಿತರಿದ್ದರೂ, ಶಾಲೆಯ ಹೊರಗೆ ಆ ಸ್ನೇಹ ಬೆಳೆಯುವ ಅವಕಾಶ ಕಡಿಮೆಯಾಗುತ್ತದೆ.

ಪಂಚಾಂಗವೇ ಪಠ್ಯ

ಗೇಟಿನ ಬಳಿಯ ಮಾತುಕತೆಯ ವಿಷಯಗಳನ್ನು ನಿರ್ಧರಿಸುವುದು ಬಹುಮಟ್ಟಿಗೆ ಶಾಲೆಯ ವಾರ್ಷಿಕ ವೇಳಾಪಟ್ಟಿ. ಸೆಪ್ಟೆಂಬರ್ ಆರಂಭದಲ್ಲಿ ಶಾಲೆ ಮತ್ತೆ ತೆರೆಯುವುದನ್ನು ‘ರಾಂತ್ರೆ’ ಎನ್ನುತ್ತಾರೆ. ಆಗ ಮಗು ಯಾರ ತರಗತಿಗೆ ಬಂದಿದೆ, ಹೊಸ ‘ಮೆತ್ರೆಸ್’, ಅಂದರೆ ಶಿಕ್ಷಕಿ, ಹೇಗಿದ್ದಾರೆ ಎಂಬುದೇ ಮಾತು. ಅಕ್ಟೋಬರ್ ಕೊನೆಯಲ್ಲಿ, ಕ್ರಿಸ್‌ಮಸ್‌ಗೆ, ಚಳಿಗಾಲದಲ್ಲಿ ಮತ್ತು ವಸಂತದಲ್ಲಿ ತಲಾ ಎರಡು ವಾರಗಳ ರಜೆ ಬರುವುದರಿಂದ, ರಜೆಗೆ ಎಲ್ಲಿಗೆ ಹೋಗುತ್ತೀರಿ, ಎಲ್ಲಿಗೆ ಹೋಗಿದ್ದಿರಿ ಎಂಬ ಪ್ರಶ್ನೆಗಳು ವರ್ಷಕ್ಕೆ ನಾಲ್ಕಾರು ಬಾರಿ ಮರಳುತ್ತವೆ. ಕೊನೆಯ ಎರಡು ರಜೆಗಳು ದೇಶದ ಮೂರು ವಲಯಗಳಲ್ಲಿ ಬೇರೆ ಬೇರೆ ವಾರಗಳಂದು ಬೀಳುತ್ತವೆ. ತುಲೂಸ್ ಪ್ಯಾರಿಸ್‌ನೊಂದಿಗೆ ‘ಸಿ’ ವಲಯದಲ್ಲಿದೆ. ಜೂನ್ ತಿಂಗಳಲ್ಲಿ ‘ಕೆರ್ಮೆಸ್’ ಎಂಬ ಶಾಲಾ ಜಾತ್ರೆ ನಡೆಯುತ್ತದೆ. ಅಲ್ಲಿ ಆಟದ ಮಳಿಗೆ ನೋಡಿಕೊಳ್ಳಲು, ಮಾರಾಟಕ್ಕೆ ಕೇಕ್ ಮಾಡಿಕೊಡಲು ಪೋಷಕರ ನೆರವು ಕೇಳುತ್ತಾರೆ. ಕೈಕೆಲಸದ ನಡುವೆ ಮಾತು ಸಲೀಸಾಗಿ ಹರಿಯುವುದರಿಂದ, ಮಾತಿನಲ್ಲಿ ಹಿಂದಿರುವವರಿಗೆ ಇಂಥ ಸೇವೆ ಅತ್ಯುತ್ತಮ ಅವಕಾಶ.

ದಿನದ ಮಟ್ಟದಲ್ಲಿಯೂ ಇಂಥದೇ ಒಂದು ಕ್ರಮವಿದೆ. ಸಾಮಾನ್ಯವಾಗಿ ಸಂಜೆ ನಾಲ್ಕೂವರೆಯ ಹೊತ್ತಿಗೆ ಶಾಲೆ ಬಿಟ್ಟಾಗ ಮಕ್ಕಳಿಗೆ ಕೊಡುವ ತಿಂಡಿಗೆ ‘ಗೂತೆ’ ಎಂದು ಹೆಸರು. ಚಾಕೊಲೆಟ್ ತುಂಬಿದ, ಪದರಪದರವಾದ ತಿನಿಸನ್ನು ಪ್ಯಾರಿಸ್ಸಿನವರು ‘ಪ್ಯಾಂ ಓ ಷೊಕೊಲಾ’ ಎಂದರೆ ತುಲೂಸಿನವರು ‘ಷೊಕೊಲತೀನ್’ ಎಂದೇ ಕೇಳುತ್ತಾರೆ. ತರಗತಿಗಳ ಮುಂಚೆ ಮತ್ತು ನಂತರ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯನ್ನು ಅಲ್ಲಿನವರು ‘ಕ್ಲಾಎ’ ಎಂಬ ಹ್ರಸ್ವರೂಪದಿಂದ ಕರೆಯುತ್ತಾರೆ. ಮಧ್ಯಾಹ್ನದ ಊಟದ ‘ಕಾಂತೀನ್’ ಸಸ್ಯಾಹಾರಿ ಕುಟುಂಬಗಳ ಪಾಲಿಗೆ ದೊಡ್ಡ ಚರ್ಚಾವಿಷಯ. 2018ರ ಆಹಾರ ಕಾಯಿದೆಯ ಫಲವಾಗಿ 2019ರ ನವೆಂಬರ್‌ನಿಂದ ಶಾಲಾ ಕ್ಯಾಂಟೀನುಗಳು ವಾರಕ್ಕೊಮ್ಮೆಯಾದರೂ ಸಸ್ಯಾಹಾರದ ಊಟ ನೀಡಬೇಕಾಗಿದೆ. ಆದರೆ ಫ್ರೆಂಚ್ ರೂಢಿಯಲ್ಲಿ ಮೊಟ್ಟೆಯೂ ಸಸ್ಯಾಹಾರದೊಳಗೆ ಸೇರುವುದರಿಂದ, ಮೊಟ್ಟೆ ತಿನ್ನದ ಮನೆಯವರು ‘ಮಾಂಸವಿಲ್ಲದೆ’ ಎಂಬ ಅರ್ಥದ ‘ಸಾಂ ವ್ಯಾಂದ್’ ಎಂಬುದರ ಜೊತೆಗೆ ‘ಮೊಟ್ಟೆಯಿಲ್ಲದೆ’ ಎಂಬ ಅರ್ಥದ ‘ಸಾಂಜ್ಯೋ’ ಎಂಬುದನ್ನೂ ಹೇಳಲು ಕಲಿಯಬೇಕಾಗುತ್ತದೆ.

ಕನ್ನಡಿಗರ ಬಾಯಿಗೆ ಫ್ರೆಂಚ್

ಇಂಗ್ಲಿಷಿನ ಮೂಲಕ ಫ್ರೆಂಚನ್ನು ಸಮೀಪಿಸುವ ಕನ್ನಡಿಗರು ತಮ್ಮ ಮಾತೃಭಾಷೆ ಈ ವಿಷಯದಲ್ಲಿ ಇಂಗ್ಲಿಷಿಗಿಂತ ಹೆಚ್ಚು ನೆರವಾಗುತ್ತದೆಂಬುದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಫ್ರೆಂಚಿನ ತಕಾರ ಮತ್ತು ದಕಾರಗಳು ನಾಲಗೆಯ ತುದಿ ಹಲ್ಲಿಗೆ ತಾಗಿ ಹುಟ್ಟುವ ದಂತ್ಯ ಧ್ವನಿಗಳು; ಅವು ಇಂಗ್ಲಿಷಿನ ಧ್ವನಿಗಳಂತಲ್ಲದೆ ಕನ್ನಡದ ‘ತ’ ಮತ್ತು ‘ದ’ಗಳಂತಿವೆ, ಆದ್ದರಿಂದ ಅಲ್ಲಿ ‘ಟ’ ಮತ್ತು ‘ಡ’ಗಳನ್ನು ಬಿಟ್ಟರೆ ಉಚ್ಚಾರಣೆ ಅರ್ಧ ಸರಿಹೋಗುತ್ತದೆ. ‘ಪ’, ‘ತ’, ‘ಕ’ಗಳು ಕನ್ನಡದಲ್ಲಿರುವಂತೆಯೇ ಅಲ್ಪಪ್ರಾಣಗಳು. ಪದದ ಕೊನೆಯ ಮೌನ ವ್ಯಂಜನವು ಮುಂದಿನ ಪದ ಸ್ವರದಿಂದ ಆರಂಭವಾದಾಗ ಮತ್ತೆ ಕೇಳಿಸುವ ‘ಲಿಯೆಜೋಂ’ ಎಂಬ ನಿಯಮವೂ ಸಂಧಿಯ ಪರಿಚಯವಿರುವವರಿಗೆ ವಿಚಿತ್ರವೆನಿಸಬೇಕಾಗಿಲ್ಲ: ‘ಲೆ’ ಮತ್ತು ‘ಆಂಫಾಂ’ ಎಂಬ ಎರಡು ಪದಗಳು ಸೇರಿ ‘ಲೆಜಾಂಫಾಂ’, ಅಂದರೆ ‘ಮಕ್ಕಳು’, ಎಂದಾಗುತ್ತದೆ. ತುಲೂಸ್ ಸೀಮೆಯ ಉಚ್ಚಾರಣೆಯಲ್ಲಿ ಉತ್ತರದವರು ನುಂಗಿಬಿಡುವ ಪದಾಂತ್ಯದ ಕಿರುಸ್ವರವೂ ಕೇಳಿಸುವುದರಿಂದ, ಪದಗಳನ್ನು ಸ್ವರದಿಂದ ಮುಗಿಸುವ ಅಭ್ಯಾಸವಿರುವ ಕನ್ನಡಿಗರ ಕಿವಿಗೆ ಅಲ್ಲಿನ ಮಾತು ಹೆಚ್ಚು ಸ್ಪಷ್ಟವಾಗಿ ಬಿಡಿಬಿಡಿಯಾಗಿ ಬೀಳುತ್ತದೆ.

ತೊಡಕುಗಳೂ ಇಲ್ಲದಿಲ್ಲ. ತುಟಿಗಳನ್ನು ‘ಉ’ ಎನ್ನುವಂತೆ ದುಂಡಾಗಿಸಿ, ನಾಲಗೆಯನ್ನು ‘ಇ’ಯ ಸ್ಥಾನದಲ್ಲಿಟ್ಟು ನುಡಿಯುವ ಸ್ವರ ಕನ್ನಡದಲ್ಲಿಲ್ಲ, ಅದನ್ನು ಶುದ್ಧ ‘ಊ’ ಎಂದು ನುಡಿದರೆ ಬೀದಿ ಎಂಬ ಪದ ಚಕ್ರ ಎಂದಾಗಿಬಿಡುತ್ತದೆ. ಕನ್ನಡದ ಅನುಸ್ವಾರ ಮುಂದಿನ ವ್ಯಂಜನಕ್ಕೆ ತಕ್ಕಂತೆ ಙಕಾರವೋ ನಕಾರವೋ ಮಕಾರವೋ ಆಗುವಾಗ, ಫ್ರೆಂಚಿನ ಅನುನಾಸಿಕ ಸ್ವರವು ಬಾಯಿ ಮುಚ್ಚದೆಯೇ ಮೂಗಿನಿಂದಲೂ ಹೊರಡುವಂಥದ್ದು. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸಿದರೆ, ಫ್ರೆಂಚಿನಲ್ಲಿ ಕುರ್ಚಿ ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂದು ಪ್ರತಿ ನಾಮಪದದೊಡನೆ ನೆನಪಿಡಬೇಕು. ಇವುಗಳಲ್ಲಿ ಸ್ವರದ ವ್ಯತ್ಯಾಸ ಮಾತ್ರ ಅರ್ಥವನ್ನು ಕೆಡಿಸಬಲ್ಲದು. ಲಿಂಗ ತಪ್ಪಿದರೂ ಗಂಟಲಿನ ರಕಾರದ ಬದಲು ಕನ್ನಡದ ರಕಾರ ಬಂದರೂ ಕೇಳುವವರಿಗೆ ಅರ್ಥವಾಗುತ್ತದೆ, ಹೀಗಾಗಿ ಅವುಗಳ ಭಯದಿಂದ ಬಾಯಿ ಮುಚ್ಚಿಕೊಳ್ಳುವುದಕ್ಕೆ ಕಾರಣವಿಲ್ಲ.

ಪಿಯುಸಿಯಲ್ಲಿ ಫ್ರೆಂಚನ್ನು ಭಾಷಾವಿಷಯವಾಗಿ ಓದಿದವರೂ ಗೇಟಿನ ಬಳಿ ತಬ್ಬಿಬ್ಬಾಗುವುದಕ್ಕೆ ಬರಹದ ಮತ್ತು ಆಡುಮಾತಿನ ಅಂತರ ಕಾರಣ. ‘ಇಲ್ಲ’ ಎಂಬ ಅರ್ಥ ಕೊಡಲು ಬರಹದಲ್ಲಿ ಕ್ರಿಯಾಪದದ ಹಿಂದೆ ‘ನ’ ಮತ್ತು ಮುಂದೆ ‘ಪಾ’ ಎಂಬ ಎರಡು ಪದಗಳು ಬೇಕು. ಆಡುಮಾತಿನಲ್ಲಿ ಮೊದಲನೆಯದು ಬಿದ್ದುಹೋಗುತ್ತದೆ, ಹಾಗಾಗಿ ‘ನನಗೆ ಗೊತ್ತಿಲ್ಲ’ ಎಂಬ ಅರ್ಥದ ‘ಜ ನ ಸೆ ಪಾ’ ಎಂಬ ನಾಲ್ಕು ಪದಗಳು ‘ಷೆ ಪಾ’ ಎಂದಷ್ಟೇ ಕೇಳಿಸುತ್ತವೆ. ‘ನಾವು’ ಎಂಬುದಕ್ಕೆ ಪಠ್ಯಪುಸ್ತಕ ಕಲಿಸಿದ ‘ನೂ’ ಎಂಬ ಸರ್ವನಾಮಕ್ಕಿಂತ ‘ಓಂ’ ಎಂಬುದೇ ಹೆಚ್ಚು ಬಳಕೆಯಲ್ಲಿದೆ. ಪ್ರಶ್ನೆ ಕೇಳಲು ಪದಕ್ರಮವನ್ನು ತಿರುಗಿಸುವ ವ್ಯಾಕರಣದ ವಿಧಾನಕ್ಕಿಂತ, ಸಾದಾ ವಾಕ್ಯವನ್ನೇ ಏರುದನಿಯಲ್ಲಿ ಮುಗಿಸುವುದು ಸಹಜ. ಕ್ರಿಯಾಪದದ ಕಾಲಗಳಲ್ಲಿಯೂ ವರ್ತಮಾನ, ಮುಗಿದ ಘಟನೆಯನ್ನು ಹೇಳುವ ಸಂಯುಕ್ತ ಭೂತಕಾಲ, ಮತ್ತು ‘ಹೋಗು’ ಧಾತುವಿನ ನೆರವಿನಿಂದ ರಚಿಸುವ ಸಮೀಪ ಭವಿಷ್ಯತ್ತು, ಈ ಮೂರರಿಂದ ಮೊದಲ ವರ್ಷದ ಬಹುತೇಕ ಮಾತು ಸಾಗುತ್ತದೆ.

ಸಂಖ್ಯೆಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಪರಿಚಯವು ಸ್ನೇಹವಾಗುವ ಹಂತದಲ್ಲಿ ಫೋನ್ ನಂಬರಿನ ವಿನಿಮಯ ಬರುತ್ತದೆ. ಫ್ರಾನ್ಸಿನಲ್ಲಿ ಹತ್ತು ಅಂಕಿಗಳ ನಂಬರನ್ನು ಎರಡೆರಡರಂತೆ ಐದು ಜೋಡಿಗಳಾಗಿ ಓದುತ್ತಾರೆ. 75 ಎಂಬುದು ‘ಅರವತ್ತು ಹದಿನೈದು’ ಎಂದೂ 97 ಎಂಬುದು ‘ನಾಲ್ಕು ಇಪ್ಪತ್ತು ಹದಿನೇಳು’ ಎಂದೂ ರಚನೆಯಾಗುವುದರಿಂದ, ‘ಸ್ವಾಸಾಂತ್’ ಎಂದು ಕೇಳಿದೊಡನೆ 6 ಬರೆದುಕೊಂಡವರು ‘ಕ್ಯಾಂಜ್’ ಎಂದು ಕೇಳಿ ಅದನ್ನು 7 ಎಂದು ತಿದ್ದಬೇಕಾಗುತ್ತದೆ. ಇದಕ್ಕೆ ತರ್ಕಕ್ಕಿಂತ ಅಭ್ಯಾಸವೇ ಉಪಾಯ; ತನ್ನ ನಂಬರನ್ನು ಈ ಕ್ರಮದಲ್ಲಿ ಗಟ್ಟಿಯಾಗಿ ಹೇಳಿ ರೂಢಿಸಿಕೊಂಡವರಿಗೆ ಇತರರದ್ದನ್ನು ಹಿಡಿಯುವುದೂ ಕ್ರಮೇಣ ಸುಲಭವಾಗುತ್ತದೆ.

ಗೌರವದ ರೂಪಗಳು

ಫ್ರೆಂಚಿನ ‘ವೂ’ ಮತ್ತು ‘ತ್ಯು’ಗಳ ಭೇದ ಕನ್ನಡದ ‘ನೀವು’ ಮತ್ತು ‘ನೀನು’ಗಳ ಭೇದಕ್ಕೆ ಸಮೀಪವಾದರೂ, ಅದರ ಬಳಕೆ ಬೇರೆ ತತ್ತ್ವವನ್ನು ಅನುಸರಿಸುತ್ತದೆ. ಕನ್ನಡದಲ್ಲಿ ವಯಸ್ಸು ಮತ್ತು ಸ್ಥಾನ ಮುಖ್ಯವಾದರೆ, ಫ್ರೆಂಚಿನಲ್ಲಿ ಪರಿಚಯದ ಆಪ್ತತೆ ಮುಖ್ಯ. ಅಪರಿಚಿತರಾದ ಪೋಷಕರು ಮೊದಲು ‘ವೂ’ ಎನ್ನುತ್ತಾರೆ. ಕೆಲವು ಭೇಟಿಗಳ ನಂತರ ಒಬ್ಬರು ‘ತ್ಯು’ ಎಂದು ಮಾತಾಡೋಣವೇ ಎಂದು ಕೇಳುತ್ತಾರೆ, ಹಾಗೆ ಕೇಳುವುದು ಸ್ನೇಹಕ್ಕೆ ನೀಡುವ ಆಹ್ವಾನ. ಇದಕ್ಕೆ ಸಮ್ಮತಿಸಿದ ಮೇಲೂ ಸಂಕೋಚದಿಂದ ‘ವೂ’ ಎಂದೇ ಮುಂದುವರಿದರೆ, ಅದನ್ನು ಗೌರವವೆಂದಲ್ಲದೆ ದೂರವಿಡುವಿಕೆಯೆಂದು ಗ್ರಹಿಸುವ ಸಾಧ್ಯತೆಯಿದೆ. ಪೋಷಕರು ಶಿಕ್ಷಕರಿಗೆ ಸಾಮಾನ್ಯವಾಗಿ ‘ವೂ’ ಎನ್ನುತ್ತಾರೆ, ಆದರೆ ಶಿಶುಶಾಲೆಯ ಮಕ್ಕಳು ತಮ್ಮ ಶಿಕ್ಷಕಿಗೆ ‘ತ್ಯು’ ಎನ್ನುವುದು ಸಹಜ, ಅದರಲ್ಲಿ ಅಗೌರವವೇನೂ ಇಲ್ಲ. ಇದೆಲ್ಲಕ್ಕೂ ಮೊದಲು ಬರುವುದು ‘ಬೊಂಜೂರ್’. ಭೇಟಿಯಾದವರಿಗೆ ಇದನ್ನು ಹೇಳದೆ ನೇರವಾಗಿ ಪ್ರಶ್ನೆ ಕೇಳುವುದನ್ನು ಅಲ್ಲಿನವರು ಒರಟುತನವೆಂದು ಭಾವಿಸುತ್ತಾರೆ. ಬೀಳ್ಕೊಡುವಾಗಲೂ ‘ಬೊನ್ ಜೂರ್ನೆ’ ಎಂದು ಒಳ್ಳೆಯ ದಿನವನ್ನೋ, ‘ಬೊನ್ ವಕಾಂಸ್’ ಎಂದು ಒಳ್ಳೆಯ ರಜೆಯನ್ನೋ ಹಾರೈಸುವುದು ವಾಡಿಕೆ. ಮೊದಲ ತಿಂಗಳಲ್ಲಿ ಬೇರೇನನ್ನೂ ಹೇಳಲಾಗದವರು ಇಷ್ಟನ್ನು ಪ್ರತಿದಿನ ತಪ್ಪದೆ ಹೇಳಿದರೂ ಮುಖಪರಿಚಯ ಬೆಳೆಯುತ್ತದೆ.

ಕಲಿಯುವ ದಾರಿಗಳು

ಪೋಷಕರ ಈ ಅಗತ್ಯವನ್ನು ಫ್ರಾನ್ಸಿನ ಶಿಕ್ಷಣ ವ್ಯವಸ್ಥೆಯೇ ಒಂದು ಹಂತದಲ್ಲಿ ಗುರುತಿಸಿತು. 2008ರಲ್ಲಿ ಪ್ರಯೋಗವಾಗಿ ಆರಂಭವಾದ ‘ಪೋಷಕರಿಗೆ ಶಾಲೆಯನ್ನು ತೆರೆಯೋಣ’ ಎಂಬರ್ಥದ ಯೋಜನೆಯು, ವಿದೇಶೀಯ ಪೋಷಕರಿಗೆ ಮಕ್ಕಳ ಶಾಲೆಯ ಕಟ್ಟಡದಲ್ಲಿಯೇ, ಮಕ್ಕಳು ತರಗತಿಯಲ್ಲಿರುವ ಹೊತ್ತಿನಲ್ಲಿ, ಉಚಿತ ಪಾಠಗಳನ್ನು ಏರ್ಪಡಿಸಿತು; ಫ್ರೆಂಚ್ ಭಾಷೆ, ಗಣರಾಜ್ಯದ ಮೌಲ್ಯಗಳು ಮತ್ತು ಶಾಲೆ ನಡೆಯುವ ಬಗೆ ಎಂಬ ಮೂರು ಗುರಿಗಳನ್ನು ಅದು ಒಟ್ಟಿಗೆ ಇಟ್ಟುಕೊಂಡಿತು. ಭಾಷೆಯನ್ನು ಅದರ ಬಳಕೆಯ ಸ್ಥಳದಲ್ಲಿಯೇ ಕಲಿಸಿದ್ದು ಈ ಯೋಜನೆಯ ಹೆಚ್ಚುಗಾರಿಕೆ. ಇದೇ ತತ್ತ್ವದ ಮೇಲೆ ಬಡಾವಣೆಗಳ ಸಮಾಜಕೇಂದ್ರಗಳು ನಡೆಸುವ ಭಾಷಾ ಕಾರ್ಯಾಗಾರಗಳಲ್ಲಿ ಶಾಲೆ, ಅಂಚೆ ಕಚೇರಿ, ಆಸ್ಪತ್ರೆಗಳಂಥ ಸ್ಥಳಗಳನ್ನು ಮೊದಲು ಪರಿಚಯಿಸಿ, ನಂತರ ಅಲ್ಲಿಗೇ ಹೋಗಿ ನೋಡಿ, ಕೊನೆಗೆ ಸ್ವತಂತ್ರವಾಗಿ ಬಳಸುವ ಮೂರು ಹಂತಗಳ ವಿಧಾನವಿದೆ.

ಬೆಂಗಳೂರಿನಿಂದ ಹೊರಡುವ ಮುನ್ನ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಂಥ ಸಂಸ್ಥೆಯಲ್ಲಿ ಆರಂಭಿಕ ತರಗತಿ ಮುಗಿಸಿಕೊಂಡರೆ ಅಡಿಪಾಯ ಸಿಗುತ್ತದೆ. ಯುರೋಪಿನ ಮಂಡಳಿಯು 2001ರಲ್ಲಿ ಪ್ರಕಟಿಸಿದ ಭಾಷಾ ಮಾನದಂಡದ ಆರು ಹಂತಗಳಲ್ಲಿ, ಎರಡನೆಯದಾದ ‘ಎ2’ ಹಂತದವರು ಕಿರು ಸಾಮಾಜಿಕ ಮಾತುಗಳನ್ನು ಆಡಬಲ್ಲರು, ಮೂರನೆಯದಾದ ‘ಬಿ1’ ಹಂತದವರು ಪರಿಚಿತ ವಿಷಯಗಳ ಸಂಭಾಷಣೆಗೆ ಪೂರ್ವಸಿದ್ಧತೆಯಿಲ್ಲದೆ ಸೇರಿಕೊಳ್ಳಬಲ್ಲರು. ಗೇಟಿನ ಮಾತು ಇವೆರಡರ ನಡುವೆ ಬೆಳೆಯುವಂಥದ್ದು. ಅಲ್ಲಿಗೆ ಹೋದ ಮೇಲೆ ಅತ್ಯುತ್ತಮ ಪಠ್ಯಪುಸ್ತಕವೆಂದರೆ ಶಾಲೆ ಮತ್ತು ಮನೆಯ ನಡುವೆ ಓಡಾಡುವ ಸೂಚನಾ ಪುಸ್ತಕ, ಅಂದರೆ ‘ಕಾಯೆ ದ ಲಿಯೆಜೋಂ’. ಅದರ ಪ್ರತಿ ಸೂಚನೆಯನ್ನು ಓದಿ ಸಹಿ ಹಾಕಬೇಕಾಗಿರುವುದರಿಂದ, ಅದರಲ್ಲಿ ಬಂದ ಪದಗಳೇ ಮರುದಿನದ ಮಾತಿನಲ್ಲಿ ಕಿವಿಗೆ ಬೀಳುತ್ತವೆ. ಅನೇಕ ಶಿಶುಶಾಲೆಗಳಲ್ಲಿ ತರಗತಿಯ ಬೊಂಬೆಯೊಂದು ವಾರಾಂತ್ಯಕ್ಕೆ ಸರದಿಯಂತೆ ಮಕ್ಕಳ ಮನೆಗೆ ಹೋಗುತ್ತದೆ, ಆ ಎರಡು ದಿನ ಅದು ಏನೇನು ಮಾಡಿತೆಂದು ಮನೆಯವರು ಪುಸ್ತಕವೊಂದರಲ್ಲಿ ಬರೆದು ಕಳುಹಿಸಬೇಕು. ಹಿಂದಿನ ಮನೆಗಳವರು ಬರೆದದ್ದನ್ನು ಓದಿ ತಮ್ಮದನ್ನು ಸೇರಿಸುವುದು ಭೂತಕಾಲದ ವಾಕ್ಯಗಳಿಗೆ ಒಳ್ಳೆಯ ಅಭ್ಯಾಸ. ಕಿವಿಯನ್ನು ಪಳಗಿಸಲು ಆರ್‌ಎಫ್‌ಐ ರೇಡಿಯೊ ಸುಲಭ ಫ್ರೆಂಚಿನಲ್ಲಿ ಪ್ರಸಾರ ಮಾಡುವ ಹತ್ತು ನಿಮಿಷಗಳ ವಾರ್ತೆಯೂ ಟಿವಿ5ಮೋಂದ್ ವಾಹಿನಿಯ ಉಚಿತ ಪಾಠಗಳೂ ಉಪಯುಕ್ತ.

ಮಗು ದುಭಾಷಿಯಾಗಬಾರದು

ಪೋಷಕರು ಭಾಷೆಯನ್ನು ಕಲಿಯದಿದ್ದಾಗ ಅದರ ಹೊರೆ ಮಗುವಿನ ಮೇಲೆ ಬೀಳುತ್ತದೆ. ಆರು ವರ್ಷ ದಾಟಿ ಹೊಸದಾಗಿ ಬಂದ ಅನ್ಯಭಾಷಿಕ ಮಕ್ಕಳಿಗೆ ಶಾಲೆಗಳಲ್ಲಿ ಪ್ರತ್ಯೇಕ ಬೋಧನಾ ಘಟಕಗಳಿವೆ, ಇನ್ನೂ ಚಿಕ್ಕವರು ಸಾಮಾನ್ಯ ತರಗತಿಯಲ್ಲಿಯೇ ಕಲಿಯುತ್ತಾರೆ. ಒಂದೆರಡು ವರ್ಷಗಳಲ್ಲಿ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಫ್ರೆಂಚ್ ಬಲ್ಲವರು ಅವರೇ ಆಗುತ್ತಾರೆ. ಆಗ ಶಿಕ್ಷಕರ ಮಾತನ್ನು ತಾಯಿಗೆ, ವೈದ್ಯರ ಮಾತನ್ನು ತಂದೆಗೆ ಮಗುವೇ ತಿಳಿಸಿ ಹೇಳುವ ಪರಿಪಾಠ ಬೆಳೆಯುತ್ತದೆ. ಮಗು ತನ್ನ ಮೇಲಿನ ದೂರನ್ನು ತಾನೇ ಅನುವಾದಿಸಬೇಕಾದ ಸ್ಥಿತಿ, ದೊಡ್ಡವರ ಚಿಂತೆಗಳು ಎಳೆಯ ವಯಸ್ಸಿನಲ್ಲಿಯೇ ಕಿವಿಗೆ ಬೀಳುವ ಸ್ಥಿತಿ, ಇವು ಮಗುವಿಗೂ ಒಳ್ಳೆಯದಲ್ಲ, ಪೋಷಕರ ಮಾತಿನ ತೂಕಕ್ಕೂ ಒಳ್ಳೆಯದಲ್ಲ. ಇದರ ಪರಿಹಾರವೆಂದು ಮನೆಯಲ್ಲಿ ಕನ್ನಡವನ್ನು ಬಿಟ್ಟು ಮಗುವಿನೊಡನೆ ಅರೆಬರೆ ಫ್ರೆಂಚಿನಲ್ಲಿ ಮಾತಾಡುವುದು ಸರಿಯಾದ ದಾರಿಯಲ್ಲ. ಮನೆಯ ಭಾಷೆ ಗಟ್ಟಿಯಾಗಿರುವುದರಿಂದ ಶಾಲೆಯ ಭಾಷೆಗೆ ಅಡ್ಡಿಯಾಗುವುದಿಲ್ಲ; ಪೋಷಕರ ಫ್ರೆಂಚ್ ಬೇಕಾಗಿರುವುದು ಊರಿನ ದೊಡ್ಡವರೊಡನೆ ಮಾತಾಡಲು, ಮಗುವಿನೊಡನೆ ಮಾತಾಡಲು ಕನ್ನಡವೇ ಇದೆ.

ಇಂಥ ಪ್ರಶ್ನೆ ಫ್ರಾನ್ಸಿಗಷ್ಟೇ ಸೀಮಿತವಲ್ಲ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 1977ರ ಫ್ರೆಂಚ್ ಭಾಷಾ ಸನ್ನದಿನ ಪ್ರಕಾರ ವಲಸಿಗರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಮಾಧ್ಯಮದ ಶಾಲೆಗೇ ಹೋಗಬೇಕು. ಹಾಗಾಗಿ ಮಾಂಟ್ರಿಯಲ್‌ನಲ್ಲಿ ಇಂಗ್ಲಿಷಿನಿಂದ ದಿನದ ವ್ಯವಹಾರ ಸಾಗಿಸಬಲ್ಲ ಕುಟುಂಬಕ್ಕೂ ಶಾಲೆಯ ಮೂಲಕ ಫ್ರೆಂಚ್ ಅನಿವಾರ್ಯವಾಗುತ್ತದೆ. ಅಲ್ಲಿನ ಸರ್ಕಾರ 2023ರಲ್ಲಿ ವಯಸ್ಕರ ಫ್ರೆಂಚ್ ಕಲಿಕೆಗೆಂದೇ ‘ಫ್ರಾಂಸಿಜಾಸಿಯೋಂ ಕ್ವಿಬೆಕ್’ ಎಂಬ ಒಂದೇ ಕಿಂಡಿಯ ವ್ಯವಸ್ಥೆಯನ್ನು ತೆರೆದಿದೆ.

ಗೇಟಿನ ಬಳಿ ಆರಂಭವಾದ ಮಾತು ಎಲ್ಲಿಯವರೆಗೆ ಕೊಂಡೊಯ್ಯಬಲ್ಲದೆಂಬುದಕ್ಕೆ ಫ್ರಾನ್ಸಿನ ಶಾಲಾ ಮಂಡಳಿಯ ಚುನಾವಣೆಯೇ ಸಾಕ್ಷಿ. ಪ್ರತಿ ಅಕ್ಟೋಬರ್‌ನಲ್ಲಿ ಪೋಷಕರು ತಮ್ಮ ಪ್ರತಿನಿಧಿಗಳನ್ನು ಆಯ್ಕೆ ಮಾಡುತ್ತಾರೆ. ಶಾಲೆಯಲ್ಲಿ ಎಷ್ಟು ತರಗತಿಗಳಿವೆಯೋ ಅಷ್ಟು ಪ್ರತಿನಿಧಿಗಳು ಮಂಡಳಿಯಲ್ಲಿ ಕುಳಿತು, ಶಾಲೆಯ ನಿಯಮಗಳಿಗೆ ಮತ ನೀಡುತ್ತಾರೆ, ಊಟ, ಸುರಕ್ಷತೆಗಳಂಥ ವಿಷಯಗಳಲ್ಲಿ ಅಭಿಪ್ರಾಯ ಹೇಳುತ್ತಾರೆ. 1926ರಲ್ಲಿ ಸ್ಥಾಪನೆಯಾದ ‘ಪೀಪ್’ ಮತ್ತು 1947ರಲ್ಲಿ ಸ್ಥಾಪನೆಯಾದ ‘ಎಫ್‌ಸಿಪಿಇ’ ಎಂಬ ಪೋಷಕರ ಒಕ್ಕೂಟಗಳಲ್ಲದೆ ಸ್ಥಳೀಯ ಪೋಷಕರ ಗುಂಪುಗಳೂ ಸ್ಪರ್ಧಿಸುತ್ತವೆ. ಭಾರತೀಯ ಪೌರತ್ವ ಉಳ್ಳವರಿಗೆ ಆ ದೇಶದ ನಗರಸಭೆಯ ಚುನಾವಣೆಯಲ್ಲಿಯೂ ಮತದಾನದ ಹಕ್ಕಿಲ್ಲ, ಆದರೆ ಶಾಲೆಯ ಈ ಚುನಾವಣೆಯಲ್ಲಿ ಪೌರತ್ವ ಯಾವುದೇ ಇದ್ದರೂ ಪ್ರತಿ ಪೋಷಕರಿಗೂ ಮತ ಹಾಕುವ ಮತ್ತು ಸ್ಪರ್ಧಿಸುವ ಹಕ್ಕಿದೆ. ಆ ಹಕ್ಕನ್ನು ಕಾನೂನು ಮೊದಲ ದಿನವೇ ಕೊಟ್ಟಿರುತ್ತದೆ. ಅದನ್ನು ಚಲಾಯಿಸಲು ಬೇಕಾದ ಭಾಷೆಯನ್ನು ಮಾತ್ರ ಪೋಷಕರು ತಾವೇ ಸಂಪಾದಿಸಿಕೊಳ್ಳಬೇಕು, ಮತ್ತು ಅದಕ್ಕೆ ತಕ್ಕ ಅವಕಾಶ ಶಾಲೆಯಿರುವ ಪ್ರತಿ ದಿನ ಎರಡು ಬಾರಿ ಗೇಟಿನ ಬಳಿ ಒದಗುತ್ತದೆ.